ಫ್ಯೂಸ್ ಸುಡುತ್ತಿದ್ದ ವ್ಯಾನು ಮತ್ತು ನಮ್ಮ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಗಾಡಿಗಳ ವೈರಿಂಗ್ ಕೆಲಸಕ್ಕೆ ಕೈಹಾಕಿದ್ದು ನಲವತ್ತು ದಾಟಿದ ಮೇಲೆ. ಅದಕ್ಕೂ ಮೊದಲು ಚಿಕ್ಕಪ್ಪನ ಗ್ಯಾರೇಜಿನ ಮೂಲೆಯಲ್ಲಿ ಸೀಟಿನ ಕವರ್ ಹೊಲಿಯುತ್ತಿದ್ದಳು. ಚಿಕ್ಕಪ್ಪನದು ಎಂಜಿನ್ನಿನಲ್ಲಿ ಪಳಗಿದ ಕೈ. ವೈರು ಎಂದರೆ ಮಾತ್ರ ಮುಖ ಸಿಂಡರಿಸುತ್ತಿದ್ದ. "ಎಣ್ಣೆ ಸೋರಿದ್ರೆ ಕಣ್ಣಿಗೆ ಕಾಣುತ್ತೆ. ಕರೆಂಟು ಸೋರಿದ್ರೆ ಎಲ್ಲಿ ಅಂತ ಹುಡುಕ್ಲಿ?" ಎನ್ನುತ್ತಿದ್ದ.

ವೈರಿಂಗ್ ನೋಡಿಕೊಳ್ಳುತ್ತಿದ್ದವನು ಕೆಲಸ ಬಿಟ್ಟಾಗ ಚಿಕ್ಕಮ್ಮ ಯಾರನ್ನೂ ಕೇಳದೆ ಸಂಜೆಯ ತರಗತಿಗೆ ಸೇರಿಕೊಂಡಳು. ಊಟದ ಮೇಜಿನ ಮೇಲೆ ಹಳೇ ಹಾರ್ನು, ಸುಟ್ಟ ಸ್ವಿಚ್ಚು ಹರಡಿಕೊಂಡು ಕೂರುತ್ತಿದ್ದಳು. ನಾವು ತಟ್ಟೆ ಇಡಲು ಜಾಗ ಹುಡುಕಬೇಕಾಗುತ್ತಿತ್ತು.

ಆಮೇಲೆ ಆ ವ್ಯಾನು ಬಂತು. ಬಟ್ಟೆ ಕಾರ್ಖಾನೆಯ ಹೆಂಗಸರನ್ನು ಸಂಜೆ ಮನೆಗೆ ಮುಟ್ಟಿಸುವ ಗಾಡಿ. ದಾರಿಯಲ್ಲಿ ಫ್ಯೂಸ್ ಸುಟ್ಟು ಹಿಂದಿನ ದೀಪಗಳು ಆರಿಹೋಗುತ್ತಿದ್ದವು. ಹೊಸದು ಹಾಕಿದರೆ ಅದೂ ಸುಡುತ್ತಿತ್ತು. ಚಿಕ್ಕಪ್ಪ ಬಲ್ಬು ಬದಲಿಸಿದ, ಸ್ವಿಚ್ಚು ಬದಲಿಸಿದ, ಕೊನೆಗೆ ಕೈಚೆಲ್ಲಿದ. ಒಂದು ಸಂಜೆ ಹಿಂದೆ ಬರುತ್ತಿದ್ದ ಲಾರಿ ಬಂದು ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು. ಹೆದರಿದ ಡ್ರೈವರ್ ಫ್ಯೂಸಿನ ಜಾಗಕ್ಕೆ ದಪ್ಪ ತಂತಿಯನ್ನೇ ಸುತ್ತಿಬಿಟ್ಟಿದ್ದ.

ಅದನ್ನು ಕಂಡದ್ದೇ ಚಿಕ್ಕಮ್ಮ ಕಿಡಿಕಿಡಿಯಾದಳು. "ಫ್ಯೂಸ್ ಸುಡ್ತಿರೋದು ನಿಮ್ಮನ್ನ ಉಳಿಸೋಕೆ ಕಣ್ರೀ! ಅದು ಸುಡ್ಲಿಲ್ಲ ಅಂದ್ರೆ ವೈರು ಸುಡುತ್ತೆ, ಆಮೇಲೆ ವ್ಯಾನೇ ಸುಡುತ್ತೆ." ತಂತಿ ಕಿತ್ತೆಸೆದು ಕೇಳಿದಳು: "ಖಾಲಿ ಗಾಡಿ ಓಡಿಸುವಾಗ ಯಾವತ್ತಾದ್ರೂ ಸುಟ್ಟಿದ್ಯಾ?"

ಡ್ರೈವರ್ ತಲೆ ಕೆರೆದುಕೊಂಡ. "ಇಲ್ಲಮ್ಮ. ಜನ ಹತ್ತಿದ ಮೇಲೇನೇ."

"ಮತ್ತೆ ಖಾಲಿ ವ್ಯಾನು ತಂದು ನಿಲ್ಲಿಸಿದ್ರೆ ನಾನೇನು ಪೂಜೆ ಮಾಡ್ಲಾ? ನಾಳೆ ಅವರನ್ನೂ ಕರ್ಕೊಂಡು ಬನ್ನಿ."

ಮರುದಿನ ಕೆಲಸ ಮುಗಿಸಿದ ಹೆಂಗಸರೆಲ್ಲ ಗ್ಯಾರೇಜಿನಲ್ಲಿ ಬಂದಿಳಿದರು. ಚಿಕ್ಕಮ್ಮ ಹಿಂದಿನ ದೀಪಗಳ ಬಲ್ಬುಗಳನ್ನು ಕಳಚಿ, ಫ್ಯೂಸಿನ ಜಾಗಕ್ಕೆ ಎರಡು ವೈರು ಕೊಟ್ಟು ಒಂದು ದೊಡ್ಡ ಬಲ್ಬು ತಗುಲಿಸಿದಳು. ಸ್ವಿಚ್ಚು ಹಾಕಿದರೂ ಅದು ಹೊತ್ತಲಿಲ್ಲ.

"ಇದು ಹೊತ್ತಬಾರ್ದು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಎಲ್ಲೋ ಒಂದು ವೈರು ಗಾಡಿಯ ಕಬ್ಬಿಣಕ್ಕೆ ತಾಗಿದ್ರೆ ಮಾತ್ರ ಹೊತ್ತುತ್ತೆ. ಈಗ ಒಬ್ಬೊಬ್ಬರಾಗಿ ಹತ್ತಿ, ನಿಮ್ಮ ನಿಮ್ಮ ಜಾಗದಲ್ಲೇ ಕೂತ್ಕೊಳ್ಳಿ."

ಮುಂದಿನ ಸೀಟು ತುಂಬಿತು. ನಡುವಿನದೂ ತುಂಬಿತು. ಬಲ್ಬು ಮಿಸುಕಲಿಲ್ಲ. ಚಿಕ್ಕಪ್ಪ ಕೈಕಟ್ಟಿ ನಿಂತು ನೋಡುತ್ತಿದ್ದ. ಅವಳಿಗಿಂತ ಅವನೇ ಹೆಚ್ಚು ಬೆವರುತ್ತಿದ್ದ. ಕೊನೆಗೆ ಕಾರ್ಖಾನೆಯ ಕ್ಯಾಂಟೀನ್ ಅಕ್ಕ ಹಿಂದಿನ ಬೆಂಚಿನ ಎಡ ತುದಿಗೆ ಹೋಗಿ ಧಡಕ್ಕನೆ ಕೂತಳು. ಬಲ್ಬು ಝಗ್ಗನೆ ಹೊತ್ತಿತು.

"ಅಕ್ಕಾ, ಏಳ್ಬೇಡಿ!" ಚಿಕ್ಕಮ್ಮ ಕೂಗಿದಳು.

"ಅಯ್ಯೋ, ನನ್ನ ತೂಕಕ್ಕೆ ದೀಪ ಬೇರೆ ಹಚ್ಚಬೇಕಿತ್ತಾ?" ಎಂದಳು ಕ್ಯಾಂಟೀನ್ ಅಕ್ಕ. ವ್ಯಾನು ನಗುವಿನಿಂದ ಅಲ್ಲಾಡಿತು. ಬಲ್ಬೂ ಅದರ ಜೊತೆಗೆ ಮಿನುಗಿತು.

ಎಲ್ಲರನ್ನೂ ಇಳಿಸಿ ಬೆಂಚು ಬಿಚ್ಚಿದಾಗ ಕಳ್ಳ ಸಿಕ್ಕಿಬಿದ್ದ. ಬೆಂಚಿನ ಕಬ್ಬಿಣದ ಕಾಲಿನ ಕೆಳಗೆ ವೈರಿನ ಕಟ್ಟು ಸಿಕ್ಕಿಕೊಂಡಿತ್ತು. ಒಂದು ವೈರಿನ ಸಿಪ್ಪೆ ಸವೆದು ತಾಮ್ರ ಇಣುಕುತ್ತಿತ್ತು. ಭಾರ ಬಿದ್ದಾಗಲೆಲ್ಲ ಕಾಲು ಆ ತಾಮ್ರವನ್ನು ಒತ್ತುತ್ತಿತ್ತು.

ಚಿಕ್ಕಪ್ಪ ಬಗ್ಗಿ ಆ ಕಾಲನ್ನು ಮುಟ್ಟಿ ನೋಡಿದ.

"ಆ ಬೆಂಚು ಕೂರಿಸಿದ್ದು ನಾನು," ಎಂದ, ಎಲ್ಲರೆದುರೇ. "ಕೆಳಗೆ ವೈರಿದೆ ಅಂತ ನೋಡ್ಲೇ ಇಲ್ಲ. ಇವಳಲ್ಲದಿದ್ರೆ ಇನ್ನೂ ಬಲ್ಬು ಬದಲಿಸ್ತಾನೇ ಇರ್ತಿದ್ದೆ."

ಚಿಕ್ಕಮ್ಮ ತಲೆ ಎತ್ತಲಿಲ್ಲ. "ಸ್ಪ್ಯಾನರ್ ಕೊಡ್ತೀರಾ, ಇಲ್ಲ ಭಾಷಣ ಮುಂದುವರಿಸ್ತೀರಾ?" ಎಂದಳು. ಆದರೆ ಅವಳ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ.

ಸವೆದ ಭಾಗ ಕತ್ತರಿಸಿ ಹೊಸ ವೈರು ಸೇರಿಸಿದಳು. ಅದಕ್ಕೆ ಕೊಳವೆ ತೊಡಿಸಿ, ಬೆಂಚಿನ ಕಾಲಿನಿಂದ ದೂರ, ವ್ಯಾನಿನ ಗೋಡೆಯ ಪಕ್ಕಕ್ಕೆ ಸರಿಸಿ ಬಿಗಿದಳು. ಆಮೇಲೆ ಸರಿಯಾದ ಅಳತೆಯ ಫ್ಯೂಸ್ ಹಾಕಿ, ಕ್ಯಾಂಟೀನ್ ಅಕ್ಕನನ್ನು ಅದೇ ತುದಿಯಲ್ಲಿ ಕೂರಿಸಿ, ರಸ್ತೆಯ ಉಬ್ಬುಗಳ ಮೇಲೆಲ್ಲ ವ್ಯಾನು ಓಡಿಸಿದಳು. ನಾವು ಹಿಂದಿನಿಂದ ಬೈಕಿನಲ್ಲಿ ಹೋದೆವು. ಎರಡೂ ಕೆಂಪು ದೀಪಗಳು ಒಮ್ಮೆಯೂ ಕಣ್ಣು ಮುಚ್ಚಲಿಲ್ಲ.

ಆ ವ್ಯಾನು ಮತ್ತೆ ಆ ಕಾಯಿಲೆ ಹೊತ್ತು ಬರಲಿಲ್ಲ. ಬಂದದ್ದು ಬೇರೆ ಗಾಡಿಗಳು. ಹೋದ ವಾರ ಒಬ್ಬ ಟ್ಯಾಕ್ಸಿಯವನು ಹಾರ್ನು ಕೆಟ್ಟಿದೆ ಎಂದು ಬಂದು, "ಮೇಸ್ತ್ರಿ ಎಲ್ಲಿ?" ಎಂದು ಚಿಕ್ಕಪ್ಪನನ್ನೇ ಕೇಳಿದ. ಚಿಕ್ಕಪ್ಪ ಎಣ್ಣೆಗೈ ಒರೆಸಿಕೊಂಡು ಎದೆಯುಬ್ಬಿಸಿ ಹೇಳಿದ:

"ಒಳಗಿದ್ದಾರೆ. ಒಂದು ನಿಮಿಷ ಕೂತ್ಕೊಳ್ಳಿ, ಕೈಯಲ್ಲಿ ಕೆಲಸ ಇದೆ ಅವರಿಗೆ."