‘ಚಲೋ ಐತಿ’ ಅಂದರೆ ಸಿಟ್ಟಾಗುತ್ತಿದ್ದ ಚಾಚಾ

ಹೋದ ತಿಂಗಳು ಹಳೆಯ ಪುಸ್ತಕವೊಂದರ ಬೆನ್ನು ಅಂಟಿಸಲು ಹಿತ್ತಲ ಒಲೆಯ ಮೇಲೆ ಮೈದಾ ಹಿಟ್ಟು ಕುದಿಸಿದೆ. ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದ್ದೇ ತಡ, ಒಗರಾದ ಆ ವಾಸನೆ ಮೂಗಿಗೆ ಬಡಿಯಿತು. ಚಾಚಾನ ಅಂಗಡಿಯ ವಾಸನೆ... ಸೌಟು ಹಿಡಿದು ಹಾಗೇ ಕುಳಿತೆ. ಅಂಟು ತಳ ಹಿಡಿಯಿತು.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಮುಂಡರಗಿಯಿಂದ ಬಂದ ನಾನು ಹೊಸ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ಬೆಟಗೇರಿಗೆ ಹೋಗುವ ರಸ್ತೆಯಲ್ಲಿ, ಎರಡು ಸೀರೆ ಅಂಗಡಿಗಳ ನಡುವಿನ ಇಕ್ಕಟ್ಟಾದ ಖೋಲಿಯಲ್ಲಿ ಚಾಚಾ ಕಾದಂಬರಿಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಹರಿದ ಪುಸ್ತಕಗಳನ್ನು ತಾವೇ ಹೊಲಿದು ಅಂಟಿಸುತ್ತಿದ್ದರು. ಗಿರಾಕಿಗಳ ಬಗ್ಗೆ ಅವರಿಗೆ ಕಿಂಚಿತ್ತೂ ಗೌರವವಿರಲಿಲ್ಲ. ಪುಸ್ತಕ ಹಿಂದಿರುಗಿಸುವಾಗ ಪ್ರತಿಯೊಬ್ಬರನ್ನೂ ‘ಹೆಂಗಿತ್ತು?’ ಎಂದು ಕೇಳುವರು. ಅವರ ಉತ್ತರ ಕೇಳಿ, ಊಟದಲ್ಲಿ ಕಲ್ಲು ಸಿಕ್ಕವರಂತೆ ಮುಖ ಮಾಡುವರು.

ಆ ಅಂಗಡಿಯಲ್ಲಿ ಮುಖಪುಟ ಕಳೆದುಕೊಂಡ ಒಂದು ಕಾದಂಬರಿ ಇತ್ತು. ಬೇರೆ ಲೋಕದವರು ಬಯಲುಸೀಮೆಯ ಊರೊಂದರ ಒಣಗಿದ ಕೆರೆಯಲ್ಲಿ ಇಳಿಯುವ ಕತೆ. ಬಂದವರು ಯುದ್ಧ ಮಾಡುವುದಿಲ್ಲ, ವರವನ್ನೂ ಕೊಡುವುದಿಲ್ಲ. ಪುಸ್ತಕದ ತುಂಬ ಅವರೂ ಊರಿನವರೂ ಒಬ್ಬರನ್ನೊಬ್ಬರು ತಪ್ಪು ತಿಳಿಯುತ್ತಲೇ ಇರುತ್ತಾರೆ. ಕೊನೆಯ ಪುಟದಲ್ಲಿ, ಹೊರಡುವ ಹೊತ್ತಿಗೆ ಬಂದವರು ಕೈಯಂಥದ್ದೇನನ್ನೋ ಮೇಲೆತ್ತುತ್ತಾರೆ; ಊರಿನವರೂ ಕೈ ಎತ್ತುತ್ತಾರೆ. ಅಷ್ಟೇ. ಚಾಚಾನ ಮಟ್ಟಿಗೆ ಕನ್ನಡದಲ್ಲಿ ಅದಕ್ಕೆ ಸಮನಾದ ಪುಸ್ತಕವಿರಲಿಲ್ಲ. ಕೇಳಿದವರಿಗೂ ಕೇಳದವರಿಗೂ ಅದನ್ನೇ ಕಟ್ಟಿಕೊಡುತ್ತಿದ್ದರು.

ಗಿರಾಕಿಗಳ ಅಭಿಪ್ರಾಯಗಳು ಒಂದೊಂದಾಗಿ ಬಂದವು. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯೊಬ್ಬರು, ಪ್ರೇಮವೂ ಇಲ್ಲ, ಹೊಡೆದಾಟವೂ ಇಲ್ಲ, ಬಾಡಿಗೆ ದಂಡ ಎಂದರು. ಶಿರಹಟ್ಟಿಯಿಂದ ಬರುತ್ತಿದ್ದ ಮಠದ ಭಕ್ತರೊಬ್ಬರ ಪ್ರಕಾರ ಇದೆಲ್ಲ ನಮ್ಮ ಪುರಾಣಗಳಲ್ಲಿ ಮೊದಲೇ ಇತ್ತು. ಯಾವ ಪುರಾಣದಲ್ಲಿ ಎಂದು ಚಾಚಾ ಕೇಳಿದ್ದಕ್ಕೆ ಅವರು ಚಪ್ಪಲಿ ಮೆಟ್ಟಿ ನಡೆದರು. ಹೊಸ ಜಿಲ್ಲೆಯೊಂದಿಗೆ ಬಂದಿಳಿದ ನಮ್ಮ ಕಚೇರಿಯ ಸಾಹೇಬರು ಪುಸ್ತಕ ತೆರೆಯದೆಯೇ ಇಂಗ್ಲಿಷಿನಲ್ಲಿ ಇದಕ್ಕಿಂತ ಉತ್ತಮವಾದವು ಬಂದಿವೆ ಎಂದು ತೀರ್ಪು ಕೊಟ್ಟರು. ಇಂಗ್ಲಿಷಿನಲ್ಲಿ ಅವರು ಸಹಿಯ ಹೊರತು ಬೇರೇನನ್ನೂ ಬರೆದದ್ದು ನಾನು ನೋಡಿಲ್ಲ. ಇನ್ನೊಬ್ಬ ಮಹಾಶಯರಿಗೆ ಒಂದೇ ಸಂಶಯ: ಅಷ್ಟು ದೂರದಿಂದ ಬಂದವರು ದೆಹಲಿ ಬಿಟ್ಟು ಇಂಥ ಊರಿಗೇಕೆ ಇಳಿದರು?

“ನಿಮ್ಮ ಮನಿಗೆ ಬೀಗರು ಬರೂಮುಂದ ಮೊದ್ಲ ದೆಹಲಿಗೆ ಹೋಗಿ ಬರ್ತಾರೇನ್ರಿ?” ಎಂದು ಚಾಚಾ ಅವರ ಕೈಯಿಂದ ಪುಸ್ತಕ ಕಿತ್ತುಕೊಂಡರು. ಆ ಮಹಾಶಯರು ಮತ್ತೆ ಅಂಗಡಿಗೆ ಬರಲಿಲ್ಲ. ಚಾಚಾಗೆ ಅದರಿಂದ ಸಂತೋಷವೇ ಆಯಿತು.

ನಾನು ಓದಿ ಕೊಟ್ಟಾಗ “ಚಲೋ ಐತಿ ಚಾಚಾ” ಅಂದೆ.

“ಚಲೋ ಐತಿ ಅನ್ನೂದು ಉಪ್ಪಿಟ್ಟಿಗೆ, ಬೇಟಿ. ಒಯ್ದು ಇನ್ನೊಮ್ಮೆ ಓದು.”

ಓದಿದೆ. ಎರಡನೆಯ ಸಲಕ್ಕೆ ಏನೋ ನಾಲ್ಕು ಮಾತು ಹೇಳಿದೆ, ಪಾಸು ಮಾಡಿದರು. ಆದರೆ ಅವರು ನಿಜಕ್ಕೂ ಕಾಯುತ್ತಿದ್ದದ್ದು ಮಾಸ್ತರರಿಗಾಗಿ.

ಮಾಸ್ತರರು ಮಲ್ಲಸಮುದ್ರದವರು, ಶಾಲೆಯಿಂದ ನಿವೃತ್ತರಾದವರು. ಪ್ರತಿ ರವಿವಾರ ಟೆಂಪೋ ಹತ್ತಿ ಬಂದು, ಆ ಕಾದಂಬರಿ ಯಾಕೆ ಕೆಟ್ಟದ್ದು ಎಂದು ಹೇಳಿ ಹೋಗುತ್ತಿದ್ದರು. ಅವರ ತಕರಾರು ಕೊನೆಯ ಪುಟದ ಮೇಲೆ. ಇಡೀ ಪುಸ್ತಕದಲ್ಲಿ ಒಂದು ಮಾತೂ ತಿಳಿಯದವರು ಹೊರಡುವಾಗ ಕೈ ಎತ್ತಿ ಬೀಳ್ಕೊಳ್ಳುತ್ತಾರೆಂದರೆ ಬರೆದವನಿಗೆ ಧೈರ್ಯ ಸಾಲಲಿಲ್ಲ, ಓದುಗರನ್ನು ಅಳಿಸುವ ಆಸೆಯಾಯಿತು ಎಂದೇ ಅರ್ಥ. ಚಾಚಾ ಉರಿದು ಬೀಳುತ್ತಿದ್ದರು. ಅದು ವಿದಾಯ ಎಂದು ಯಾರು ಹೇಳಿದರು? ಮೈಮೇಲಿನ ಧೂಳು ಕೊಡವಿದ್ದೂ ಇರಬಹುದಲ್ಲ? ಊರಿನವರು ಅಲ್ಲಿಯೂ ತಪ್ಪು ತಿಳಿದರು, ಅದೇ ಕತೆ. ಮಾಸ್ತರರು ಚಾಚಾನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡುವರು. ನಿಮ್ಮ ಕೈಯಲ್ಲಿ ಕಲಿತ ಮಕ್ಕಳ ಗತಿ ಏನಾಯಿತೋ ಎಂದು ಚಾಚಾ ತಿರುಗಿಸಿ ಕೇಳುವರು. ಚಹಾ ತರಿಸುವರು. ವರ್ಷಗಟ್ಟಲೆ ನಡೆಯಿತು ಇದು. ಆ ಹೊತ್ತಿನಲ್ಲಿ ಬಂದ ಗಿರಾಕಿಗಳು ನಿಂತು ನಿಂತು ಹೊರಟುಹೋಗುತ್ತಿದ್ದರು...

ಒಂದು ಬೇಸಿಗೆಯಲ್ಲಿ ಮಾಸ್ತರರು ಬರುವುದು ನಿಂತಿತು. ಮೊದಲ ರವಿವಾರ, ಮಾಸ್ತರರು ಸೋತು ಮನೆಯಲ್ಲಿ ಕುಳಿತಿದ್ದಾರೆ ಎಂದು ಚಾಚಾ ನಕ್ಕರು. ಮುಂದಿನ ರವಿವಾರ ನಗಲಿಲ್ಲ. ಮಾಸ್ತರರು ಹಾಸಿಗೆ ಹಿಡಿದಿದ್ದಾರೆಂದು ಟೆಂಪೋದವನು ಹೇಳಿದ. ಚಾಚಾ ಅಂಗಡಿಗೆ ಬೀಗ ಹಾಕಿ ಹೊರಟರು. ನಾನೂ ಜೊತೆಗೆ ಹೋದೆ.

ಮಾಸ್ತರರು ಗುರುತು ಸಿಗದಷ್ಟು ಇಳಿದುಹೋಗಿದ್ದರು. ಸೊಸೆ ದಿಂಬು ಕೊಟ್ಟು ಒರಗಿಸಿದಳು. ಚಾಚಾ ಕುರ್ಚಿಯ ತುದಿಯಲ್ಲಿ ಕುಳಿತರು. ಆಮೇಲೆ ಮಾಸ್ತರರು ಮೆಲ್ಲಗೆ, “ಆ ಕಡೀ ಪುಟ... ನೀವು ಹೇಳಿದ್ದ ಖರೆ ಅನಸ್ತೈತಿ ಸಾಹೇಬ್ರ” ಎಂದರು.

ಚಾಚಾನ ಮುಖ ಕೆಂಪಾಯಿತು. ಎದ್ದು ನಿಂತರು.

“ಇದು ನಿಮ್ಮ ಮಾತಲ್ಲ ಮಾಸ್ತರ್, ಜ್ವರದ ಮಾತು. ನಾ ಒಪ್ಪಂಗಿಲ್ಲ. ಎದ್ದು ಅಂಗಡಿಗೆ ಬಂದು ಹೇಳ್ರಿ, ಆಗ ನೋಡೂಣು.”

ಮಾಸ್ತರರು ಕೆಮ್ಮು ಬರುವಷ್ಟು ನಕ್ಕರು. ಸಾಯುವವರ ಮುಂದೆಯೂ ಜಗಳವೇ ಎಂದು ಸೊಸೆ ಬಾಗಿಲ ತನಕ ಬಂದು ನನಗೆ ಹೇಳಿದಳು. ವಾಪಸು ಬರುವಾಗ ಟೆಂಪೋದಲ್ಲಿ ಚಾಚಾ ಹೊರಗಿನ ಹೊಲಗಳನ್ನೇ ನೋಡುತ್ತಿದ್ದರು.

ಮಾಸ್ತರರು ಏಳಲಿಲ್ಲ. ಮಣ್ಣಿಗೆ ಹೋದಾಗ ಯಾರೋ ಚಾಚಾನ ಭುಜ ಮುಟ್ಟಿ, ನಿಮ್ಮ ದೋಸ್ತ ಹೋದರಲ್ಲ ಎಂದರು. “ದೋಸ್ತ ಅಲ್ಲರಿ,” ಎಂದರು ಚಾಚಾ. “ಅವರಿಗೆ ಆ ಪುಸ್ತಕ ಕಡೀತನಕ ತಿಳೀಲಿಲ್ಲ.”

ಅಲ್ಲಿಂದ ಮುಂದೆ ಚಾಚಾ ‘ಹೆಂಗಿತ್ತು?’ ಎಂದು ಯಾರನ್ನೂ ಕೇಳಲಿಲ್ಲ. ಒಮ್ಮೆ ನನ್ನೆದುರಿಗೇ ಒಬ್ಬ ಬ್ಯಾಂಕಿನವ ಆ ಕಾದಂಬರಿ ಹಿಂದಿರುಗಿಸುತ್ತ, ಚಲೋ ಐತಿ, ಟೈಂಪಾಸ್ ಆತು ಎಂದ. ಚಾಚಾ ಬೈಯುತ್ತಾರೆಂದು ಕಾದೆ. ಅವರು “ಆತ್ರಿ” ಎಂದು ಪುಸ್ತಕವನ್ನು ಕಪಾಟಿಗೆ ಸೇರಿಸಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಎರಡು ವರ್ಷಕ್ಕೆ ಚಾಚಾ ತೀರಿಕೊಂಡರು. ಪುಸ್ತಕಗಳು ರದ್ದಿಗೆ ಹೋದವಂತೆ.

ಈಗ ಅಭಿಪ್ರಾಯಗಳಿಗೆ ಬರವಿಲ್ಲ. ಓದದವರೂ ಫೋನಿನಲ್ಲಿ ನಕ್ಷತ್ರ ಒತ್ತುತ್ತಾರೆ. ಮೊನ್ನೆ ನನ್ನ ಅಕ್ಕನ ಮಗನಿಗೆ ಅಂಥದ್ದೇ ಇನ್ನೊಂದು ಕಾದಂಬರಿ ಕೊಟ್ಟಿದ್ದೆ. ‘ಸ್ವಲ್ಪ ಸ್ಲೋ’ ಎಂದು ಬರೆದು ಕಳಿಸಿದ. ನಾನು ಉದ್ದಕ್ಕೆ ಉತ್ತರ ಬರೆದೆ. ಅವನ ಓದನ್ನೂ ಅವನ ಅವಸರವನ್ನೂ ಹಿಗ್ಗಾಮುಗ್ಗಾ ಜಾಡಿಸಿದೆ. ವಾದಕ್ಕೆ ಬರುತ್ತಾನೆ ಎಂದು ಸಂಜೆಯವರೆಗೆ ಫೋನು ಹತ್ತಿರವೇ ಇಟ್ಟುಕೊಂಡು ಕುಳಿತೆ.

‘ಓಕೆ ಚಿಗವ್ವ, ನೀವು ಹೇಳಿದ್ದ ಖರೆ’ ಎಂದು ಬಂತು.