ಗಾಜಿನ ಮೇಲಿನ ಕಲೆ ಮತ್ತು ಚಿಮ್ಮಡದ ಆಕಳು

ದನಗಳ ರಕ್ತವನ್ನು ಓದಬಲ್ಲವರು ನಮ್ಮ ಸೀಮೆಯಲ್ಲಿ ವಿರಳ. ಆ ವಿರಳರಲ್ಲಿ ಡಾ. ತಾರವ್ವ ಕುಲಗೋಡ ಅವರದು ಗೌರವದ ಸ್ಥಾನ. ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿ, ಬೀಳಗಿ, ಮುಧೋಳಗಳಲ್ಲಿ ಪಶುವೈದ್ಯೆಯಾಗಿ ದುಡಿದು, ಈಗ ಜಮಖಂಡಿಯ ಪ್ರಯೋಗಾಲಯದಿಂದ ನಿವೃತ್ತರಾಗುತ್ತಿರುವ ಅವರು, ಬಿಳಿ ರಕ್ತಕಣಗಳು ರೋಗದ ವಿರುದ್ಧ ಎಚ್ಚೆತ್ತಾಗ ಅವುಗಳ ಮೈಮೇಲೆ ಮೂಡುವ, ಸಕ್ಕರೆ ಬೆಸೆದ ಕೊಬ್ಬಿನ ಗುರುತುಗಳನ್ನು ಹುಡುಕುವುದರಲ್ಲೇ ಆಯುಷ್ಯ ಸವೆಸಿದವರು.

೧೯೮೭ರಲ್ಲಿ ಚಿಮ್ಮಡದ ಕರೆವ್ವನ ಗಬ್ಬದ ಆಕಳಿಗೆ ಕೊರಳಲ್ಲಿ ಗಂಟುಗಳು ಬಾತವು. ರಕ್ತದ ಕ್ಯಾನ್ಸರ್ ತರುವ ಅಂಟುರೋಗವಿರಬಹುದೆಂದು ಹಿರಿಯ ಅಧಿಕಾರಿಯೊಬ್ಬರು ಶಂಕಿಸಿದರು. ಸುದ್ದಿ ಹಬ್ಬುವ ಮೊದಲೇ ಆಕಳನ್ನು ಸಂತೆಗೆ ಹೊಡೆದೊಯ್ದು ಮಾರಲು ಕರೆವ್ವನ ಮಗ ಹುಲೆಪ್ಪ ಸಿದ್ಧನಾದ.

ತಾರವ್ವನವರು ಆಕಳ ರಕ್ತವನ್ನು ಜಮಖಂಡಿಯ ಪ್ರಯೋಗಾಲಯಕ್ಕೆ ತಂದು, ಕಣಗಳ ಕೊಬ್ಬನ್ನು ಬೇರ್ಪಡಿಸಿ ಗಾಜಿನ ಫಲಕದ ಮೇಲೆ ಹರಿಸಿದರು. ಆರೋಗ್ಯದ ದನಗಳಲ್ಲಿ ಮಸುಕಾಗಿರುವ ಆ ಗುರುತಿನ ಕಲೆ ಇಲ್ಲಿ ಗಾಢವಾಗಿತ್ತು. ಸೋಂಕಿನೊಡನೆ ಸೆಣಸಲು ಕಣಗಳು ಎಚ್ಚೆತ್ತಿದ್ದರೆ, ಸೋಂಕು ಇಳಿದಂತೆ ಕಲೆಯೂ ಕ್ರಮೇಣ ಮಾಸಬೇಕು. ಕ್ಯಾನ್ಸರಿನ ಕಣಗಳೂ ಇದೇ ಗುರುತು ತೋರುತ್ತಿದ್ದರೆ? ಆ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡೇ ಅವರು ಚಿಮ್ಮಡಕ್ಕೆ ಹೋದರು.

“ಮಾರಬ್ಯಾಡ್ರಿ. ಬ್ಯಾರೆ ಊರಾಗ ಹಬ್ಬಿದರ ಯಾರ ಹೊಣಿ? ದೂರ ಕಟ್ಟಿ ಕಾಯೋಣು.”

“ಉಳಿದ ದನಕ್ಕ ಹತ್ತಿದರ ನಾವೇನ ಮಾಡೂದ್ರಿ, ಡಾಕ್ಟರ ಬಾಯಾರ?” ಹುಲೆಪ್ಪ ಸಿಡುಕಿದ.

“ಖರೆ ಹೇಳತೇನಪಾ, ನನಗೂ ಅಂಜಿಕಿ ಐತಿ.”

ಕರೆವ್ವ ಅವರ ಮುಖವನ್ನೇ ನೋಡಿದಳು. “ಅಂಜಿಕಿ ಐತಿ ಅನ್ನೂ ಡಾಕ್ಟರನ್ನ ಇವತ್ತ ಕಂಡೆ. ಕಟ್ಟಲೇ ಹುಲೆಪ್ಪಾ, ದೂರ ಕಟ್ಟು.”

ಅಂದಿನಿಂದ ತಾರವ್ವನವರಿಗೆ ಅನ್ನ ಸೇರಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಚಿಮ್ಮಡಕ್ಕೆ ಹೋಗಿ, ಕರೆವ್ವ ಬಡಿಸಿದರೂ ಉಣ್ಣದೆ, ಉಳಿದ ದನಗಳ ಕೊರಳು ಸವರುವರು. ಒಮ್ಮೆ ಹೋರಿಯ ಹೆಗಲಲ್ಲಿ ಬಾವು ಕೈಗೆ ಹತ್ತಿದಾಗ ಅವರ ಜೀವವೇ ಹಾರಿತು. ನೋಡಿದರೆ ಅದು ನೊಗ ಉಜ್ಜಿದ ಗಾಯ.

ಎರಡನೆಯ ಸಲ ಆಕಳ ರಕ್ತ ಪರೀಕ್ಷಿಸಿದಾಗ ಕಲೆ ಮಾಸಿತ್ತು. ಗಂಟುಗಳೂ ಇಳಿದವು. ಪ್ರಯೋಗಾಲಯದ ಗೆಲುವೆಂದು ಅಧಿಕಾರಿಗಳು ಹೊಗಳಿದರೆ, ಒಂದು ಆಕಳಿನಿಂದ ಏನೂ ಸಾಬೀತಾಗದೆಂದು ತಾರವ್ವನವರು ಬರೆದುಕೊಟ್ಟರು. ಬಂದ ಸೋಂಕು ಯಾವುದೆಂಬುದು ಅವರಿಗೆ ಕಡೆಗೂ ತಿಳಿಯಲಿಲ್ಲ. ಆ ಅಳುಕು ಅವರನ್ನು ಮತ್ತೆ ನೂರಾರು ದನಗಳ ರಕ್ತದತ್ತ ಕರೆದೊಯ್ದಿತು.

ಆಕಳು ಈದಾಗ ಕರೆವ್ವ ಗಿಣ್ಣ ಕಾಸಿಕೊಂಡು ಜಮಖಂಡಿಗೆ ಬಂದಳು. ತಾರವ್ವನವರು ಬಟ್ಟಲು ಹಿಡಿದು ಕೇಳಿದರು: “ಉಳಿದಾವು ಹ್ಯಾಂಗ ಅದಾವ ಯವ್ವಾ?”

“ಎಲ್ಲಾ ಛಲೋ ಅದಾವ್ರಿ. ಇನ್ನರೆ ಉಣ್ಣರಿ.”

ನಾವೂ ಇಂದು ಅವರಿಗೆ ಅದನ್ನೇ ಹೇಳುತ್ತೇವೆ. ನೆಮ್ಮದಿಯ ಊಟ, ತುಂಬು ಆಯುಷ್ಯ ಅವರದಾಗಲಿ. ಕ್ಯಾನ್ಸರಿನ ಕಣಗಳೂ ಅದೇ ಗುರುತು ತೋರುತ್ತವೆಯೇ ಎಂಬ, ಉತ್ತರ ಸಿಗದ ಆ ಪ್ರಶ್ನೆಯ ಬೆನ್ನು ಮಾತ್ರ ಅವರು ಬಿಡದಿರಲಿ.