ಅಂಕಲ್ ಬಿಚ್ಚಿಟ್ಟ ಎಲೆಗಳು

ಪ್ಲೇನ್‌ಫೀಲ್ಡಿನ ಅಂಕಲ್, ನಮ್ಮ ಅಪ್ಪನ ಸ್ನೇಹಿತರು, ಇನ್ಶೂರೆನ್ಸ್ ಕಂಪನಿಯಲ್ಲಿ ಅಪಾಯ ಲೆಕ್ಕ ಹಾಕುವ ಕೆಲಸದಲ್ಲಿದ್ದಾರೆ. ರಮ್ಮಿಗೆ ಕೂತರೆ ಮಾತ್ರ ಆ ವಿದ್ಯೆಯೆಲ್ಲ ಶೂ ಜೊತೆ ಗ್ಯಾರೇಜಿನಲ್ಲೇ ಉಳಿಯುತ್ತದೆ. ಗೆದ್ದರೆ ಜಾಣತನ, ಸೋತರೆ ಹಣೆಬರಹ.

ಮಾರ್ಚಿನ ಎರಡನೇ ಭಾನುವಾರ ಮಧ್ಯಾಹ್ನ ಅವರು, ಆಂಟಿ, ನಾನು ಎರಡು ಕಟ್ಟು ಸೇರಿಸಿ ಆಡಿದೆವು. ಹೆಚ್ಚು ಪಾಯಿಂಟ್ ಆದವರು ಶನಿವಾರ ಯುಗಾದಿ ಕಾರ್ಯಕ್ರಮಕ್ಕೆ ಮಿಶಿಗನ್ನಿನ ರಾಚೆಸ್ಟರ್ ಹಿಲ್ಸ್‌ವರೆಗೆ ವ್ಯಾನ್ ಓಡಿಸಬೇಕು. ಅದಾದ ಸೋಮವಾರ ನನಗೆ ಪರೀಕ್ಷೆ. ದಾರಿಯ ಐದು ಗಂಟೆ ಓದದಿದ್ದರೆ ನಾನು ಫೇಲು.

ಕೊನೆಯ ಆಟಕ್ಕೆ ಬಂದಾಗ ಅಂಕಲ್‌ಗಿಂತ ನನ್ನದು ಹದಿನೈದು ಹೆಚ್ಚು. ಅವರು ಎಲೆ ನೋಡಿದವರೇ ಡ್ರಾಪ್ ಎಂದರು. ಆಟ ಬಿಟ್ಟ ದಂಡ ಅವರಿಗೆ ಇಪ್ಪತ್ತು ಸೇರಿತು. ಈಗ ನನಗಿಂತ ಐದು ಹೆಚ್ಚು; ಆಂಟಿಯದು ಇಬ್ಬರಿಗಿಂತ ತೀರಾ ಕಡಿಮೆ. ಆಂಟಿಗಿಂತ ಮೊದಲು ನಾನು ಮುಗಿಸಿದರೆ ಸಾಕು.

ಬಿಟ್ಟವರು ಎಲೆ ಮುಚ್ಚಿಡುವುದು ಪದ್ಧತಿ. ಅಂಕಲ್‌ಗೆ ಕನಿಕರ ಬೇಕು, ಹಾಗಾಗಿ ಹದಿಮೂರನ್ನೂ ಹರವಿದರು.

"ನೋಡೋ, ಹಾರ್ಟ್ಸ್ ಏಳು, ಎರಡೂ ನನ್ನ ಹತ್ರಾನೇ! ಒಂದೇ ಎಲೆ ಎರಡು ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?"

"ರೀ, ಮುಚ್ಚಿಡ್ರೀ," ಎಂದರು ಆಂಟಿ, ತಮ್ಮ ಎಲೆಗಳಿಂದ ಕಣ್ಣೆತ್ತದೆ.

"ಬಿಟ್ಟ ಆಟ ಕಣೇ, ಮುಚ್ಚೋದೇನು?"

ನಾನು "ಛೆ, ಪಾಪ ಅಂಕಲ್" ಎಂದು ಎರಡು ಸಲ ಹೇಳಿದೆ. ಪೂರ್ತಿ ನೋಡಲು ಅಷ್ಟು ಹೊತ್ತು ಬೇಕಿತ್ತು.

ಕೆಲವು ಸುತ್ತಿನ ನಂತರ ನನ್ನ ಹತ್ತು ಎಲೆ ಕೂಡಿದ್ದವು. ಉಳಿದದ್ದು ಹಾರ್ಟ್ಸ್ ಆರು, ಎಂಟು, ಮತ್ತು ಸ್ಪೇಡ್ ರಾಜ. ಆಗ ಸ್ಪೇಡ್ ಗುಲಾಮ ಬಂತು. ಯಾರೇ ಆದರೂ ದೊಡ್ಡ ಎಲೆ ಎಸೆದು, ಆರು ಎಂಟರ ನಡುವೆ ಏಳು ಬರಲೆಂದು ಕಾಯುತ್ತಾರೆ. ಆ ಏಳು ಎರಡೂ ಟೇಬಲ್ ಮೇಲೆ ಅಂಗಾತ ಮಲಗಿದ್ದವು. ನಾನು ಎಂಟನ್ನು ಎಸೆದೆ.

"ರಾಜನ್ನ ಹಿಡ್ಕೊಂಡು ಸಾಯ್ತಾನೆ ನೋಡು ಇವನು," ಎಂದರು ಅಂಕಲ್, ನನ್ನ ಎಲೆಗಳಿಗೆ ಇಣುಕಿ.

ಎರಡು ಸುತ್ತಾದ ಮೇಲೆ ಆಂಟಿ ಸ್ಪೇಡ್ ರಾಣಿ ಬಿಟ್ಟರು. ಎತ್ತಿಕೊಂಡು ಶೋ ಮಾಡಿ ಆಟ ಮುಗಿಸಿದೆ.

ಶನಿವಾರ ವ್ಯಾನ್ ಮಿಶಿಗನ್ ಗಡಿ ದಾಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ನನ್ನದು ಎರಡು ಅಧ್ಯಾಯ ಮುಗಿದಿತ್ತು. ಮುಂದೆ ಅಂಕಲ್ ವ್ಯಾನ್ ಓಡಿಸುತ್ತಾ ಆಂಟಿಗೆ ವಿವರಿಸುತ್ತಿದ್ದರು: "ಅವನದು ಬರೀ ಅದೃಷ್ಟ ಕಣೇ. ಆಟ ಎಲ್ಲಿ ಬರುತ್ತೆ ಅವನಿಗೆ?"

ನಾನು ತಿದ್ದಲಿಲ್ಲ. ತಿದ್ದಿದರೆ ಎಲೆ ಮುಚ್ಚಿಡಲು ಕಲಿತಾರು.